ಕಾವಲು ನಾಯಿಗೊಂದು ಸೂಜಿ
(ಗ್ರಾಮಸೇವಕರ ಭಾಷಣ)



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವ ತೋಟದ ವಸ್ತಿಗೆ ಹೋದರೂ ನನ್ನನ್ನು ಮೊದಲು ಮಾತನಾಡಿಸುವವರು ಮನೆಯ ಯಜಮಾನರಲ್ಲ, ಅವರ ನಾಯಿ. ಕುರಿಹಿಂಡು, ಕಣದ ರಾಶಿ, ನಿಂಬೆಯ ತೋಟ, ಎಲ್ಲಕ್ಕೂ ಅದೇ ಕಾವಲು. ಹೆಸರುವಾಸಿಯಾದ ಮುಧೋಳ ನಾಯಿಯ ಸೀಮೆಯವರು ನಾವು. 1997ರವರೆಗೆ ಮುಧೋಳ ನಮ್ಮ ಜಿಲ್ಲೆಯಲ್ಲಿಯೇ ಇತ್ತು. 2005ರಲ್ಲಿ ಆ ನಾಯಿಯ ಚಿತ್ರದ ಅಂಚೆಚೀಟಿಯೂ ಹೊರಬಂದಿತು. ಇಷ್ಟು ಅಭಿಮಾನವಿದ್ದರೂ, ಎತ್ತಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕಿಸುವ ನಾವು ನಾಯಿಗೆ ಹುಚ್ಚು ಬಾರದ ಲಸಿಕೆ ಹಾಕಿಸಲು ಮರೆಯುತ್ತೇವೆ.

ಪರರ ಮಾತೇಕೆ, ನಮ್ಮ ಮನೆಯ ತಪ್ಪನ್ನೇ ಹೇಳುತ್ತೇನೆ. ನಾನು ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ವರ್ಷ. ತೊಗರಿಯ ರಾಶಿ ಮುಗಿಯಲಿ, ಆಮೇಲೆ ನಾಯಿಯನ್ನು ಪಶು ದವಾಖಾನೆಗೆ ಒಯ್ದರಾಯಿತು ಎಂದು ಮುಂದೂಡಿದವನು ನಾನೇ. ರಾಶಿ ಮುಗಿಯುವ ಮೊದಲೇ ನಾಯಿಗೆ ಹುಚ್ಚು ಹಿಡಿಯಿತು. ನನ್ನ ತಮ್ಮನ ಕಾಲಿಗೆ ಕಚ್ಚಿತು. ಅಜ್ಜಿ ಗಾಯಕ್ಕೆ ಖಾರದಪುಡಿ ತುಂಬಲು ಹೊರಟಿದ್ದಳು. ಅದನ್ನು ತಡೆದು, ಹುಡುಗನನ್ನು ನಳದ ಕೆಳಗೆ ಕೂಡಿಸಿ, ಸಬಕಾರ ಹಚ್ಚಿ ಹದಿನೈದು ನಿಮಿಷ ಗಾಯ ತೊಳೆದೆವು. ಅದೇ ದಿನ ದವಾಖಾನೆಗೆ ಒಯ್ದೆವು. ತಮ್ಮ ಉಳಿದ.

ಎತ್ತು ಉಳಿಯಲಿಲ್ಲ. ನಾಯಿ ಅದರ ಮೂತಿಗೂ ಬಾಯಿ ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಒಂದೂವರೆ ತಿಂಗಳ ಮೇಲೆ ಎತ್ತು ಮೇವು ಬಿಟ್ಟಿತು, ನೀರು ನುಂಗದಾಯಿತು, ಜೊಲ್ಲು ಸುರಿಸುತ್ತ ಒಡಕು ದನಿಯಲ್ಲಿ ಒದರತೊಡಗಿತು. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ನಮ್ಮ ತಂದೆಯವರು ಮೊಳಕೈವರೆಗೆ ಕೈ ಹಾಕಿ ನೋಡಿದರು. ಹುಚ್ಚಿನ ವಿಷಾಣು ಇರುವುದು ಆ ಜೊಲ್ಲಿನಲ್ಲಿಯೇ! ಒಕ್ಕಲಿಗನ ಕೈಮೇಲೆ ಮುಳ್ಳು ಗೀರಿದ ಗಾಯ ಇಲ್ಲದ ದಿನ ಯಾವುದು? ತಂದೆಯವರಿಗೂ ಸೂಜಿ ಮಾಡಿಸಬೇಕಾಯಿತು. ಮುಂದಿನ ಮುಂಗಾರಿಗೆ ಒಂಟಿ ಎತ್ತನ್ನು ಮನೆಯಲ್ಲಿ ಕಟ್ಟಿ, ಬಾಡಿಗೆಯ ಜೋಡಿಯಿಂದ ಬಿತ್ತಿದೆವು.

ಆದ್ದರಿಂದ ಎತ್ತಾಗಲಿ ಎಮ್ಮೆಯಾಗಲಿ ಹೀಗೆ ಜೊಲ್ಲು ಸುರಿಸಿದರೆ ಬರಿಗೈ ಬಾಯಿಗೆ ಹಾಕಬೇಡಿರಿ, ಪಶುವೈದ್ಯರನ್ನು ಕರೆಯಿಸಿರಿ. ನಾಯಿ ದನಕ್ಕೆ ಕಚ್ಚಿದ್ದು ತಿಳಿದರೆ ಕೂಡಲೇ ಅವರಿಗೆ ಹೇಳಿ ದನಕ್ಕೂ ಲಸಿಕೆ ಕೊಡಿಸಿರಿ.

ಹೊಟ್ಟೆಗೆ ಹದಿನಾಲ್ಕು ಸೂಜಿ ಎಂದು ಹಿರಿಯರು ಇಂದಿಗೂ ಅಂಜುತ್ತಾರೆ. ಆ ಕಾಲ ಹೋಯಿತು. ಈಗ ತೋಳಿಗೆ ಕೊಡುತ್ತಾರೆ. ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನ. ಕೆಲವರಿಗೆ 14ನೆಯ ದಿನವೂ ಬರಹೇಳುತ್ತಾರೆ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಬೇರೊಂದು ಮದ್ದು ಬೀಳಬೇಕು. 1885ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಉಳಿಸಿದಂದಿನಿಂದ ದಾರಿ ಇದೊಂದೇ. ರೋಗದ ಲಕ್ಷಣ ಕಂಡ ಮೇಲೆ ಯಾವ ವೈದ್ಯರಿಂದಲೂ, ಯಾವ ಬೇರಿನಿಂದಲೂ ಗುಣವಿಲ್ಲ. ನಾಯಿ ಸಾಯುವುದೋ ಬದುಕುವುದೋ ನೋಡೋಣವೆಂದು ಕಾಯಬೇಡಿರಿ. ಎಳೆಮರಿ ಗೀರಿದರೂ ಹೋಗಬೇಕು. ಮಕ್ಕಳು ಬೈಗುಳಕ್ಕೆ ಅಂಜಿ ಗಾಯ ಮುಚ್ಚಿಡುತ್ತಾರೆ. ತಾಯಂದಿರೇ, ಮೊದಲು ತೊಳೆಯಿರಿ, ಬೈಯುವುದಿದ್ದರೆ ಆಮೇಲೆ ಬೈಯಿರಿ.

ಬೆಕ್ಕಿನಿಂದಲೂ ಈ ರೋಗ ಬರುವುದು. ಜೋಳದ ಚೀಲ ಕಾಯುವ ಬೆಕ್ಕಿಗೆ ಇನ್ನೊಂದು ಅಪಾಯವಿದೆ. ಪಾಷಾಣ ತಿಂದ ಇಲಿಯನ್ನು ತಿಂದು ಅದೂ ಸಾಯುತ್ತದೆ. ಸತ್ತ ಇಲಿಯನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಿರಿ.

ಮರಿಗೆ ಮೂರು ತಿಂಗಳು ತುಂಬಿದೊಡನೆ ಮೊದಲ ಲಸಿಕೆ, ಮುಂದಿನದು ಪಶುವೈದ್ಯರು ಹೇಳಿದ ದಿನ, ಬಳಿಕ ವರ್ಷಕ್ಕೊಮ್ಮೆ. ಕಾರಹುಣ್ಣಿಮೆಗೆ ಎತ್ತು ಸಿಂಗರಿಸುವಾಗ ನಾಯಿಯ ಸೂಜಿಯನ್ನೂ ನೆನೆದರೆ ವರ್ಷದ ಲೆಕ್ಕ ತಪ್ಪದು. ನಾಯಿ ಯಾರ ಮಾತು ಕೇಳುವುದೋ ಅವರೇ ಹಗ್ಗ ಹಿಡಿದು ದವಾಖಾನೆಗೆ ತರಬೇಕು. ಬೆಕ್ಕನ್ನು ಮುಚ್ಚಳದ ಬುಟ್ಟಿಯಲ್ಲಿ ತನ್ನಿರಿ. ಒಬ್ಬರು ಚೀಲದಲ್ಲಿ ಹಾಕಿ ತಂದು, ಬಾಯಿ ಬಿಚ್ಚುವಾಗ ಪರಚಿಸಿಕೊಂಡು, ಬೆಕ್ಕಿಗಿಂತ ಮೊದಲು ತಾವೇ ಸೂಜಿ ಮಾಡಿಸಿಕೊಳ್ಳಲು ಓಡಬೇಕಾಯಿತು.