ರ‍್ಯಾಂಡ್ ಕಥೆಯ ಸುಂಕದ ಸಾಲು

ಹಿಂಜವಾಡಿಯ ಟ್ರಾಫಿಕ್ಕು ದಾಟಿಕೊಂಡು ಇಷ್ಟು ಜನ ಕನ್ನಡದ ಉಪನ್ಯಾಸ ಕೇಳಲು ಬಂದಿದ್ದೀರಿ, ಸಂತೋಷ. ಪುಣೆಯ ಕನ್ನಡ ಸಂಘದವರು ನನಗೆ ಕೊಟ್ಟ ವಿಷಯ ‘ಆರ್ಥಿಕ ನಿರ್ಬಂಧ ಮತ್ತು ಸಾಂಕ್ರಾಮಿಕ ರೋಗ’. ನಾನು ಇರಾನಿನಿಂದ ಶುರುಮಾಡುತ್ತೇನೆ ಎಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಇರಾನಿಗೂ ಹೋಗೋಣ, ಆದರೆ ಚಿಂಚವಡದ ಮೇಲಿಂದ.

ಚಿಂಚವಡದ ಚಾಪೇಕರ್ ಚೌಕ ನಿಮಗೆಲ್ಲ ಗೊತ್ತು. ಕಥೆಯೂ ಗೊತ್ತು. 1897ರಲ್ಲಿ ಪುಣೆಗೆ ಪ್ಲೇಗ್ ಬಂತು. ರ‍್ಯಾಂಡ್ ಎಂಬ ಐಸಿಎಸ್ ಅಧಿಕಾರಿ ಗೋರಾ ಸೋಲ್ಜರರನ್ನು ಮನೆಮನೆಗೆ ನುಗ್ಗಿಸಿದ. ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಔತಣ ಮುಗಿಸಿ ಬರುತ್ತಿದ್ದಾಗ ಗಣೇಶಖಿಂಡ್ ರಸ್ತೆಯಲ್ಲಿ ದಾಮೋದರ ಚಾಪೇಕರ್ ಅವನಿಗೆ ಗುಂಡು ಹೊಡೆದರು. ಟಿಳಕರಿಗೆ ಜೈಲು, ಚಾಪೇಕರರಿಗೆ ಗಲ್ಲು. ಇಷ್ಟು ಇತಿಹಾಸ ನಮಗೆ ಸಾಕು.

ನನ್ನ ತಕರಾರು ಬೇರೆ. ಈ ಕಥೆ ಹೇಳುವವರೆಲ್ಲ ಇಬ್ಬರನ್ನೇ ಎದುರುಬದುರು ನಿಲ್ಲಿಸುತ್ತಾರೆ: ರ‍್ಯಾಂಡ್ ಮತ್ತು ಚಾಪೇಕರ್. ಮೂರನೆಯ ಪಾರ್ಟಿಯೊಂದಿತ್ತು. ಅದು ಪುಣೆಗೆ ಕಾಲೇ ಇಡಲಿಲ್ಲ, ವೆನಿಸ್ ನಗರದಲ್ಲಿ ಮೇಜಿನ ಸುತ್ತ ಕೂತಿತ್ತು.

ಅದಕ್ಕೂ ಮೊದಲು ಒಂದು ನೆನಪು. ಧಾರವಾಡದಲ್ಲಿ ನಮಗೆ ಶಾಸನ ಓದಿಸಿದ ಮಾಸ್ತರೊಬ್ಬರಿದ್ದರು. ಕಚ್ಚೆ ಧೋತರ, ಕರಿ ಟೋಪಿ, ಕಂಕುಳಲ್ಲಿ ಸದಾ ಶಾಸನದ ಪಡಿಯಚ್ಚಿನ ಸುರುಳಿ. ನಾವು ಹುಡುಗರು ಜಂಬದಿಂದ ರಾಜನ ಬಿರುದುಗಳನ್ನು ಒಂದೊಂದಾಗಿ ಓದುತ್ತ ಹೋದರೆ ನಡುವೆಯೇ ತಡೆಯುತ್ತಿದ್ದರು. “ಬಿರುದು ಸಾಕು ಬಿಡ್ರೋ. ಸುಂಕದ ಸಾಲಿಗೆ ಬರ್ರಿ. ರೊಕ್ಕ ಯಾರ ಕೈಯಾಗಿಂದ ಯಾರ ಕೈಗೆ ಹೊಂಟದ, ಮೊದಲ ಅದನ್ನ ಹೇಳ್ರಿ.” ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಬಂದರೆ ಅವರ ಮುಖ ಅರಳುತ್ತಿತ್ತು. ಬಿರುದು ಎಲ್ಲ ಶಾಸನದಲ್ಲೂ ಹೆಚ್ಚುಕಡಿಮೆ ಅವೇ, ಊರಿನ ನಿಜವಾದ ಬದುಕು ಇರುವುದು ಸುಂಕದ ಸಾಲಿನಲ್ಲಿ ಎಂಬುದು ಅವರ ವಾದ. ಪರೀಕ್ಷೆಯಲ್ಲಿ ಇದರಿಂದ ನಮಗೆ ಮಾರ್ಕು ಬರಲಿಲ್ಲ. ಆದರೆ ಯಾವ ಹಳೆಯ ಕಾಗದ ಕೈಗೆ ಬಂದರೂ ಆ ಸಾಲನ್ನು ಹುಡುಕುವ ಚಟ ಮಾತ್ರ ಉಳಿದುಬಿಟ್ಟಿದೆ.

ರ‍್ಯಾಂಡ್ ಕಥೆಯಲ್ಲಿ ಸುಂಕದ ಸಾಲು ಯಾವುದು?

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಗೋವೆ ಮೂಲದ ಡಾಕ್ಟರ್ ವಿಯೇಗಾಸ್ ಅವರು ಇದು ಪ್ಲೇಗ್ ಎಂದು ಗುರುತಿಸಿದರು. ಮಾಂಡವಿ ಎಂದರೆ ಬಂದರಿನ ಮಗ್ಗುಲು. ಧಾನ್ಯದ ಗೋದಾಮುಗಳು, ಕಿಕ್ಕಿರಿದ ಚಾಳುಗಳು, ಎಲ್ಲೆಲ್ಲೂ ಇಲಿ. ಡಾಕ್ಟರು ಹೇಳಿದ ಹೆಸರು ಊರಿನ ದೊಡ್ಡವರಿಗೆ ರುಚಿಸಲಿಲ್ಲ, ಬೇರೆಂಥದೋ ಜ್ವರ ಇರಬೇಕೆಂದು ಎಳೆದಾಡಿದರು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಪ್ಲೇಗ್ ಎಂದು ಒಪ್ಪಿಕೊಂಡ ಮರುದಿನದಿಂದ ಮುಂಬಯಿಯ ಹಡಗು ಯೂರೋಪಿನ ಬಂದರುಗಳಿಗೆ ಬೇಡವಾಗುತ್ತದೆ. ಆ ಹಡಗಿನಲ್ಲಿ ನಮ್ಮ ಹುಬ್ಬಳ್ಳಿ, ಗದಗಿನ ಕಡೆಯ ಅರಳೆಯೂ ಇರುತ್ತಿತ್ತು. ಧಾರವಾಡ, ಬೆಳಗಾವಿ ಆಗ ಮುಂಬಯಿ ಇಲಾಖೆಗೇ ಸೇರಿದ್ದವಲ್ಲ.

1897ರ ಫೆಬ್ರವರಿ 16ಕ್ಕೆ ವೆನಿಸ್‌ನಲ್ಲಿ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಸೇರಿತು. ಚರ್ಚೆಗೆ ಇದ್ದದ್ದು ಒಂದೇ ವಿಷಯ: ಭಾರತದ ಪ್ಲೇಗ್ ಯೂರೋಪಿಗೆ ಬರದಂತೆ ತಡೆಯುವುದು ಹೇಗೆ? ಭಾರತದ ಪರವಾಗಿ ಮಾತಾಡಲು ಕೂತವರು ಬ್ರಿಟಿಷ್ ಅಧಿಕಾರಿಗಳೇ. ಸೋಂಕಿನ ನಾಡಿನಿಂದ ಬರುವ ಯಾವ ಸರಕನ್ನು ತಡೆಯಬಹುದು ಎಂಬ ಪಟ್ಟಿ ಅಲ್ಲಿ ತಯಾರಾಯಿತು. ಉಟ್ಟ ಬಟ್ಟೆ, ಚಿಂದಿ, ಹಳೆಯ ಗೋಣಿಚೀಲ, ಹಸಿ ಚರ್ಮ, ಕೂದಲು. ಓದುತ್ತ ಹೋದರೆ ಬಡವನ ಮನೆಯ ಸಾಮಾನಿನ ಯಾದಿಯೇ ಕಣ್ಣ ಮುಂದೆ ಬರುತ್ತದೆ. ರೋಗ ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಎಂದು ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಪಟ್ಟಿ ಬರೆದವರಿಗೆ ಅದಿನ್ನೂ ಗೊತ್ತಿರಲಿಲ್ಲ.

ಈಗ ತಾರೀಖುಗಳನ್ನು ಪಕ್ಕಪಕ್ಕ ಇಡಿ. ಫೆಬ್ರವರಿ 4ಕ್ಕೆ ಸಾಂಕ್ರಾಮಿಕ ರೋಗ ಕಾಯ್ದೆ. ಅದೇ ತಿಂಗಳು ಮುಂಬಯಿಯಿಂದ ಹಜ್ ಯಾತ್ರೆ ಬಂದ್. ಮಾರ್ಚ್ 10ಕ್ಕೆ ಹಡಪಸರದಲ್ಲಿ ಪ್ಲೇಗ್ ರೋಗಿಗಳ ಸೇವೆಯಲ್ಲಿದ್ದ ಸಾವಿತ್ರಿಬಾಯಿ ಫುಲೆ ಅದೇ ರೋಗಕ್ಕೆ ತುತ್ತಾದರು. ಮಾರ್ಚ್ 13ಕ್ಕೆ ರ‍್ಯಾಂಡನ ಸೋಲ್ಜರರು ಪೇಟೆಗಳಿಗೆ ಇಳಿದರು. ಮಾರ್ಚ್ 19ಕ್ಕೆ ವೆನಿಸ್ ಸಮ್ಮೇಳನ ಮುಗಿಯಿತು. ಇವೆಲ್ಲ ಆರೇಳು ವಾರದೊಳಗಿನ ಮಾತು. ಪುಣೆಯಲ್ಲಿ ಬೂಟುಗಾಲಿನವರು ದೇವರಮನೆ, ಅಡಿಗೆಮನೆಗೆ ನುಗ್ಗುತ್ತಿದ್ದ ದಿನಗಳಲ್ಲೇ ವೆನಿಸ್‌ನಲ್ಲಿ ನಮ್ಮ ಸರಕಿನ ಹಣೆಬರಹ ಬರೆಯಲಾಗುತ್ತಿತ್ತು. ಕಠಿಣ ಕ್ರಮ ಕೈಗೊಂಡಿದ್ದೇವೆ, ನಮ್ಮ ಹಡಗು ಬಿಡಿ ಎಂದು ಲಂಡನ್ ಯೂರೋಪಿಗೆ ತೋರಿಸಬೇಕಿತ್ತು. ಲಂಡನ್ನಿನ ಒತ್ತಡ ಕಲ್ಕತ್ತೆಗೆ, ಕಲ್ಕತ್ತೆಯದು ಮುಂಬಯಿಗೆ, ಮುಂಬಯಿಯದು ರ‍್ಯಾಂಡ್‌ಗೆ. ಮಾಳಿಗೆಯ ನೀರೆಲ್ಲ ಕಡೆಗೆ ಕೆಳಗಿನ ಮನೆಯ ಗೋಡೆಗೆ ಇಳಿಯುವ ಹಾಗೆ, ಎಲ್ಲವೂ ಬಂದು ನಿಂತದ್ದು ಕಸಬಾ ಪೇಟೆಯ ಒಬ್ಬ ಹೆಂಗಸಿನ ಅಂಗಳದಲ್ಲಿ. ಕಂಕುಳಲ್ಲಿ ಪ್ಲೇಗಿನ ಗಂಟಿದೆಯೋ ಇಲ್ಲವೋ ತೋರಿಸು ಎಂದು ಅಪರಿಚಿತ ಗಂಡಸರು ಅವಳನ್ನು ನಿಲ್ಲಿಸಿಕೊಂಡಲ್ಲಿ.

ಇದನ್ನು ಹೇಳಿದಾಗಲೆಲ್ಲ ಸದಾಶಿವ ಪೇಟೆಯ ನನ್ನ ಮರಾಠಿ ಗೆಳೆಯರೊಬ್ಬರು ಸಿಡಿಯುತ್ತಾರೆ. “ಅಂದರೆ ರ‍್ಯಾಂಡ್‌ಗೆ ಖುಲಾಸೆ ಕೊಡುತ್ತೀರಾ?” ಖುಲಾಸೆ ಇಲ್ಲ. ಮೇಲಿನಿಂದ ಒತ್ತಡ ಇತ್ತೆಂದು ಸ್ತ್ರೀಯರ ಮಾನ ತೆಗೆಯುವ ಹಕ್ಕು ಯಾರಿಗೂ ಬರುವುದಿಲ್ಲ. ಅವರ ಇನ್ನೊಂದು ಪ್ರಶ್ನೆ ಇದಕ್ಕಿಂತ ಗಟ್ಟಿ: ಕಾಯ್ದೆ ಬಂದದ್ದು ಫೆಬ್ರವರಿ 4ಕ್ಕೆ, ಸಮ್ಮೇಳನ ಸೇರಿದ್ದು 16ಕ್ಕೆ, ಕಾರಣ ಹೇಗೆ ಕಾರ್ಯದ ಹಿಂದಿನಿಂದ ಬರುತ್ತದೆ? ನನ್ನ ಉತ್ತರ ಇಷ್ಟೇ. ನಿರ್ಬಂಧ ಬಂದಮೇಲೆ ಮಾಡುವ ಕೆಲಸಕ್ಕಿಂತ ಅದು ಬರುತ್ತದೆಂಬ ಭಯ ಮಾಡಿಸುವ ಕೆಲಸ ದೊಡ್ಡದು. ಮೊದಲು ಆ ಭಯ ರೋಗವನ್ನು ಮುಚ್ಚಿಡಿಸುತ್ತದೆ. ಮುಚ್ಚಿಡಲು ಆಗದಾದಾಗ ಅದೇ ಭಯ ಲಾಠಿ ಹಿಡಿಸುತ್ತದೆ. ಮಾಂಡವಿಯಲ್ಲಿ ಮೊದಲನೆಯದು ನಡೆಯಿತು, ಪುಣೆಯಲ್ಲಿ ಎರಡನೆಯದು.

ಲಾಠಿಯಿಂದ ಆದದ್ದಾದರೂ ಏನು? ಜನ ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಊರು ಬಿಟ್ಟು ಓಡಿದರು, ಓಡಿದಲ್ಲಿಗೆ ರೋಗವನ್ನೂ ಒಯ್ದರು. ಆಗ ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆಯವರು ಪುಣೆಯ ಪತ್ರಗಳನ್ನು ನಂಬಿ ಸೋಲ್ಜರರ ಅತ್ಯಾಚಾರದ ಬಗ್ಗೆ ಪತ್ರಿಕೆಗೆ ಹೇಳಿದರು. ಮರಳಿ ಬಂದಾಗ ಸಾಕ್ಷಿ ಹೇಳಲು ಒಬ್ಬರೂ ಮುಂದೆ ಬರದೆ, ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. 1898ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಗಲಭೆಯಾದ ಮೇಲೆ ಸರಕಾರ ಮೆತ್ತಗಾಯಿತು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿಯ ಪ್ಲೇಗ್ ಲಸಿಕೆಯನ್ನು ಸಾವಿರಗಟ್ಟಲೆ ಜನ ಚುಚ್ಚಿಸಿಕೊಂಡರು. ಬೆಂಗಳೂರಿಗೂ ಅದೇ ವರ್ಷ ಪ್ಲೇಗ್ ಬಂತು, ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಇಲಿ ಬಿದ್ದವೆಂದು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ, ಪ್ಲೇಗಮ್ಮನಿಗೆ ಗುಡಿ ಕಟ್ಟಿದ ಕಥೆ ನಿಮ್ಮ ಮನೆಯ ಹಿರಿಯರಿಂದ ನೀವೂ ಕೇಳಿರುತ್ತೀರಿ. ನಾಡಿನಲ್ಲಿ ಒಟ್ಟು ಒಂದು ಕೋಟಿಗೂ ಹೆಚ್ಚು ಜನ ಆ ಪ್ಲೇಗಿಗೆ ಸತ್ತರು.

ಒಂದು ಸಣ್ಣ ವಿಷಯ ಹೇಳಿ ಮುಂದಕ್ಕೆ ಹೋಗುತ್ತೇನೆ. ರ‍್ಯಾಂಡ್ ಆ ರಾತ್ರಿ ಔತಣ ಉಂಡದ್ದು ಗಣೇಶಖಿಂಡದ ಗವರ್ನರ್ ಬಂಗಲೆಯಲ್ಲಿ. ಅದೇ ಈಗ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. 2014ರಿಂದ ಆ ವಿಶ್ವವಿದ್ಯಾಲಯಕ್ಕೆ ಸಾವಿತ್ರಿಬಾಯಿ ಫುಲೆಯವರ ಹೆಸರು. ಪ್ಲೇಗ್ ರೋಗಿಗಳ ನಡುವೆ ನಿಂತು ಪ್ರಾಣ ಬಿಟ್ಟವರ ಹೆಸರು ಆ ಕಟ್ಟಡಕ್ಕೆ ಬಂದದ್ದು ನ್ಯಾಯವೇ ಆಯಿತು.

ಇರಾನಿಗೆ ಬರೋಣ. ಗುಡ್‌ಲಕ್ ಎಂಬ ಇರಾನಿ ಕೆಫೆಯ ಬನ್ ಮಸ್ಕಾ ತಿಂದ ಪುಣೆಗೆ ಇರಾನ್ ದೂರದ ದೇಶವೇನಲ್ಲ. 2018ರಲ್ಲಿ ಅಮೆರಿಕ ಅಣು ಒಪ್ಪಂದದಿಂದ ಹೊರಬಂದು ನಿರ್ಬಂಧಗಳನ್ನು ಮತ್ತೆ ಹೇರಿತು. ಕಾಗದದ ಮೇಲೆ ಔಷಧಿಗೆ ವಿನಾಯಿತಿ ಇತ್ತು. ಆದರೆ ಔಷಧಿಯ ದುಡ್ಡು ಕಳಿಸಲು ಬ್ಯಾಂಕು ಬೇಕಲ್ಲ? ಅಮೆರಿಕದ ದಂಡಕ್ಕೆ ಹೆದರಿ ಬ್ಯಾಂಕುಗಳು ಇರಾನಿನ ಹೆಸರಿದ್ದ ಚೀಟಿಯನ್ನೇ ಮುಟ್ಟಲಿಲ್ಲ. ಮುಟ್ಟಿದರೆ ಚರ್ಮ ಸುಲಿಯುವ ಹುಟ್ಟುರೋಗದ ಮಕ್ಕಳಿಗೆ ಬೇಕಾದ ಒಂದು ಬಗೆಯ ಮೆತ್ತನೆಯ ಬ್ಯಾಂಡೇಜು ಸ್ವೀಡನ್ನಿನಿಂದ ಬರುತ್ತಿತ್ತು, ಅದು ನಿಂತಿತು. 2020ರ ಫೆಬ್ರವರಿಯಲ್ಲಿ ಕೋಮ್ ನಗರದಲ್ಲಿ ಕೋವಿಡ್ ಕಾಣಿಸಿಕೊಂಡಾಗ ಆಸ್ಪತ್ರೆಗಳ ಸ್ಥಿತಿ ಹೀಗಿತ್ತು. ಮಾರ್ಚಿನಲ್ಲಿ ಇರಾನ್ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 500 ಕೋಟಿ ಡಾಲರ್ ಸಾಲ ಕೇಳಿತು. 1962ರಿಂದೀಚೆಗೆ ಅದು ಕೇಳಿದ್ದು ಅದೇ ಮೊದಲು. ಅಮೆರಿಕ ವಿರೋಧಿಸಿತು, ಸಾಲ ಬರಲಿಲ್ಲ. ಹಾಗೆಂದು ಅಲ್ಲಿನ ಸರಕಾರವನ್ನು ಸಾಧು ಎನ್ನಲೂ ಆಗದು. 2021ರ ಜನವರಿಯಲ್ಲಿ ಅಮೆರಿಕ, ಬ್ರಿಟನ್ನಿನ ಲಸಿಕೆ ದೇಶದೊಳಗೆ ಬರಕೂಡದೆಂದು ಸಾರಿದವರು ಆಗ ಅಲ್ಲಿನ ಸರ್ವೋಚ್ಚ ನಾಯಕರಾಗಿದ್ದ ಖಮೇನಿ. ನಿರ್ಬಂಧ ಹೇರಿದವರಿಗೂ ಹೇರಿಸಿಕೊಂಡವರಿಗೂ ತಂತಮ್ಮ ಹಟ. ಬ್ಯಾಂಡೇಜಿಗೆ ಕಾಯುತ್ತಿದ್ದ ಮಗುವಿನ ಕಡೆಗೆ ಇಬ್ಬರ ಗಮನವೂ ಇರಲಿಲ್ಲ.

ಇಲ್ಲಿಯವರೆಗೆ ನಾವು ಏಟು ತಿಂದವರ ಸಾಲಿನಲ್ಲಿ ಕೂತಿದ್ದೆವು, ತಲೆಯಾಡಿಸುವುದು ಸುಲಭ. ಮತ್ತೆ ಹಡಪಸರಕ್ಕೆ ಬನ್ನಿ. ಸಾವಿತ್ರಿಬಾಯಿ ರೋಗಿಗಳನ್ನು ನೋಡಿಕೊಂಡ ಆ ಹಡಪಸರದಲ್ಲೇ ಕೋವಿಶೀಲ್ಡ್ ಲಸಿಕೆ ತಯಾರಿಸಿದ ಸೀರಂ ಇನ್‌ಸ್ಟಿಟ್ಯೂಟ್ ಇದೆ. 2021ರ ಏಪ್ರಿಲ್ 16ಕ್ಕೆ ಅದರ ಮುಖ್ಯಸ್ಥ ಅದಾರ್ ಪೂನಾವಾಲಾ ಅಮೆರಿಕದ ಅಧ್ಯಕ್ಷರಿಗೆ ಟ್ವಿಟರಿನಲ್ಲಿ ಬಹಿರಂಗ ಮನವಿ ಮಾಡಿದರು: ಲಸಿಕೆಯ ಕಚ್ಚಾ ಸಾಮಗ್ರಿಯ ರಫ್ತಿನ ಮೇಲಿನ ತಡೆ ತೆಗೆಯಿರಿ. ಆ ಸಾಮಗ್ರಿ ಎಂದರೆ ಫಿಲ್ಟರು, ಒಂದು ಸಲ ಬಳಸಿ ಎಸೆಯುವ ದೊಡ್ಡ ಪ್ಲಾಸ್ಟಿಕ್ ಚೀಲ, ಅಂಥವು. 1897ರಲ್ಲಿ ನಮ್ಮ ಗೋಣಿಚೀಲ ಅವರಿಗೆ ಬೇಡವಾಗಿತ್ತು, 2021ರಲ್ಲಿ ಅವರ ಪ್ಲಾಸ್ಟಿಕ್ ಚೀಲ ನಮಗೆ ಬೇಕಾಗಿತ್ತು. ನಮಗೆ ಸಿಟ್ಟು ಬಂತು, ಬರಬೇಕಾದದ್ದೇ. ಆದರೆ ಅಷ್ಟು ಹೊತ್ತಿಗೆ ನಾವೇ ಹಡಪಸರದ ಲಸಿಕೆ ಹೊರಗೆ ಹೋಗುವುದನ್ನು ನಿಲ್ಲಿಸಿಯಾಗಿತ್ತು. ನೇಪಾಳದಲ್ಲಿ ಮೊದಲ ಡೋಸ್ ಕೋವಿಶೀಲ್ಡ್ ಹಾಕಿಸಿಕೊಂಡ ಹತ್ತು ಲಕ್ಷಕ್ಕೂ ಹೆಚ್ಚು ವೃದ್ಧರು ಎರಡನೆಯ ಡೋಸಿಗೆ ತಿಂಗಳುಗಟ್ಟಲೆ ಕಾದರು. ಬಡದೇಶಗಳಿಗೆಂದು ಮಾಡಿದ ಕೋವ್ಯಾಕ್ಸ್ ವ್ಯವಸ್ಥೆಗೆ ಸೀರಂನ ಲಸಿಕೆ ಮತ್ತೆ ಹೋಗತೊಡಗಿದ್ದು ನವೆಂಬರಿನಲ್ಲಿ. ಏಪ್ರಿಲಿನಲ್ಲಿ ನಮ್ಮ ಊರುಗಳಲ್ಲಿ ಆಕ್ಸಿಜನ್ ಸಿಲಿಂಡರಿಗೆ ಸಾಲು ನಿಂತಿದ್ದವರು ನಾವು. ಆ ದಿನ ನನ್ನನ್ನು ಕೇಳಿದ್ದರೆ ನಾನೂ ರಫ್ತು ಬೇಡವೆನ್ನುತ್ತಿದ್ದೆ. ಹಾಗಾದರೆ ವೆನಿಸ್‌ನಲ್ಲಿ ಕೂತವರನ್ನು ನಾನು ಯಾವ ಬಾಯಿಂದ ಬೈಯಲಿ?

ಇನ್ನೂ ಹತ್ತಿರದ ಒಂದು ಉದಾಹರಣೆ ಇದೆ. 2020ರ ಮಾರ್ಚ್ ಕೊನೆಗೆ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಗಡಿಯಾಚೆ ಕೇರಳದ ಕಾಸರಗೋಡಿನಲ್ಲಿ ಆಗ ಕೋವಿಡ್ ಜಾಸ್ತಿ. ಆದರೆ ಮಂಜೇಶ್ವರ, ಕುಂಬಳೆಯವರಿಗೆ ಡಯಾಲಿಸಿಸ್ಸಿಗೂ ಹೆರಿಗೆಗೂ ಆಸ್ಪತ್ರೆ ಎಂದರೆ ಮಂಗಳೂರೇ. ದಾರಿ ಸಿಗದೆ ರೋಗಿಗಳು ಸತ್ತರೆಂದು ಕೇರಳ ದೂರಿತು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ಬಿಡಿ ಎಂದಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. 7ನೇ ತಾರೀಖಿಗೆ ತುರ್ತು ರೋಗಿಗಳನ್ನು ಬಿಡುವ ಒಪ್ಪಂದವಾಗಿ ಪ್ರಕರಣ ಮುಗಿಯಿತು. ಅತ್ತ ಕಾಸರಗೋಡಿನ ಉಕ್ಕಿನಡ್ಕದ ಅರ್ಧ ಕಟ್ಟಿದ ಮೆಡಿಕಲ್ ಕಾಲೇಜನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಆ ದಿನಗಳಲ್ಲಿ ಕರ್ನಾಟಕ ಕೋವಿಡ್ ನಿಯಮಗಳನ್ನು ಹೊರಡಿಸಿದ್ದು ಯಾವ ಕಾಯ್ದೆಯ ಕೆಳಗೆ ಗೊತ್ತೇ? 1897ರ ಫೆಬ್ರವರಿ 4ರ ಆ ಕಾಯ್ದೆಯೇ.

ಮಾಸ್ತರು ಇದ್ದಿದ್ದರೆ ಇಲ್ಲಿಯೂ ಸುಂಕದ ಸಾಲು ಹುಡುಕು ಎನ್ನುತ್ತಿದ್ದರು. ಹುಡುಕಿದೆ, ಸಿಗಲಿಲ್ಲ. ತಲಪಾಡಿಯ ಮಣ್ಣಿನಲ್ಲಿ ವ್ಯಾಪಾರ ಇರಲಿಲ್ಲ, ಇದ್ದದ್ದು ಹೆದರಿಕೆ ಮಾತ್ರ. ಅಲ್ಲಿಗೆ ನನ್ನ ವಾದದ ಒಂದು ಕಾಲು ಕುಂಟುತ್ತದೆ. ಪಕ್ಕದ ಊರಿಗೆ ರೋಗ ಬಂದಾಗ ಬಾಗಿಲು ಹಾಕಿಕೊಳ್ಳುವುದು ತಪ್ಪೇ? ಹಾಕಿಕೊಂಡರೆ ಎಷ್ಟು ದಿನ? ಆಂಬುಲೆನ್ಸಿಗೆ ಕಿಂಡಿ ಬಿಡಬೇಕೆಂದು ಯಾರು ನಿರ್ಧರಿಸಬೇಕು, ಬಾಗಿಲು ಹಾಕಿದವನೋ, ಹೊರಗೆ ನಿಂತವನೋ? ಹೊರಗೆ ನಿಂತವನೂ ನಮ್ಮ ಭಾಷೆಯವನೇ ಆದರೆ ಉತ್ತರ ಬದಲಾಗಬೇಕೇ? ಬದಲಾಗಬಾರದು ಎಂದು ಬುದ್ಧಿ ಹೇಳುತ್ತದೆ. ಆದರೂ ಕೋಮ್ ನಗರಕ್ಕಿಂತ ಕುಂಬಳೆಯ ಸುದ್ದಿ ನನ್ನನ್ನು ಹೆಚ್ಚು ಕಲಕಿತು ಎಂಬುದನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ.

ಇನ್ನು ಪ್ರಶ್ನೋತ್ತರದ ಸಮಯ. ಈ ಸಭೆಯಲ್ಲಿ ಕಾಸರಗೋಡಿನ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಮೈಕು ಮೊದಲು ಅವರಿಗೆ ಕೊಡಿ. ನಾನು ಹೇಳಿದ್ದು ಎಲ್ಲಿ ತಪ್ಪುತ್ತದೆ ಎಂದು ಹೇಳಬಲ್ಲವರು ಅವರೇ.