ಪೊರೆಗಟ್ಟಿದ ವಾಹನದೀಪ ಮತ್ತು ಬಯಲುಸೀಮೆಯ ಬಿಸಿಲು



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಿಗೆ ಮಳೆ ಕಡಿಮೆ, ಬಿಸಿಲು ಧಾರಾಳ. ಪಾವಗಡದ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ 2018ರಿಂದ ತಲೆಯೆತ್ತಿದ್ದು ಈ ಬಿಸಿಲನ್ನು ನಂಬಿಯೇ. ಅಲ್ಲಿನ ಫಲಕಗಳ ಮುಖಕ್ಕೆ ಹೊದಿಸಿರುವುದು ಪ್ಲಾಸ್ಟಿಕ್ಕಲ್ಲ, ಗಾಜು. ದಶಕಗಳ ಕಾಲ ಸೂರ್ಯನಿಗೆ ಮುಖವೊಡ್ಡಿ ನಿಲ್ಲಬೇಕಾದ ವಸ್ತುವಿಗೆ ಗಾಜೇ ತಕ್ಕದ್ದು. ಆದರೆ ಅದೇ ಬಿಸಿಲಿನಲ್ಲಿ, ಮನೆಯ ಮುಂದಿನ ಬಯಲಿನಲ್ಲಿ ನಿಲ್ಲುವ ಕಾರಿನ ಹೆಡ್‌ಲೈಟಿನ ಮುಖ ಪ್ಲಾಸ್ಟಿಕ್ಕಿನದು. ಕೆಲವೇ ವರ್ಷಗಳಲ್ಲಿ ಅದು ಕಣ್ಣಿಗೆ ಪೊರೆ ಬಂದಂತೆ ಹಳದಿಗಟ್ಟಿ ಮಂಜಾಗುತ್ತದೆ. ಪಟ್ಟಣದಲ್ಲಿ ಓಡಿ ಹಳತಾಗಿ ಹಳ್ಳಿಗೆ ಮಾರಾಟವಾಗುವ ಕಾರುಗಳು ಈ ಪೊರೆಯನ್ನು ಹೊತ್ತುಕೊಂಡೇ ಬರುವುದುಂಟು.

ಅಂಬಾಸಿಡರ್, ಪದ್ಮಿನಿ ಕಾರುಗಳ ದುಂಡು ದೀಪಗಳು ಗಾಜಿನವು. ಅವು ಒಡೆಯುತ್ತಿದ್ದವೇ ಹೊರತು ಮಂಜಾಗುತ್ತಿರಲಿಲ್ಲ. ಅನಂತರ ಬಂದ ಪಾಲಿಕಾರ್ಬೊನೇಟ್ ಹಗುರ, ಕಲ್ಲು ಬಡಿದರೂ ಚೂರಾಗದು, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಅದರ ಒಂದು ದೌರ್ಬಲ್ಯವೆಂದರೆ: ಬಿಸಿಲಿನ ಅತಿನೇರಳೆ ಕಿರಣಗಳು ಅದರ ಅಣುಸರಪಳಿಗಳನ್ನು ಕಡಿಯುತ್ತವೆ. ಇದು ರೈತರಿಗೆ ಹೊಸ ಸಂಗತಿಯಲ್ಲ. ಹೊಲದ ಬದುವಿನಲ್ಲಿ ಬಿಸಿಲಿಗೆ ಬಿದ್ದ ಪಿವಿಸಿ ಪೈಪು ಸುಣ್ಣ ಬಳಿದಂತಾಗಿ ಪೆಡಸಾಗುವುದನ್ನೂ, ಅದೇ ಹೊಲದ ಹನಿ ನೀರಾವರಿಯ ಕಪ್ಪು ಕೊಳವೆ ವರ್ಷಾನುಗಟ್ಟಲೆ ಬಾಳುವುದನ್ನೂ ಅವರು ಕಂಡಿದ್ದಾರೆ. ಕೊಳವೆಯಲ್ಲಿ ಬೆರೆತಿರುವ ಇಂಗಾಲದ ಕಪ್ಪುಪುಡಿ ಕಿರಣಗಳನ್ನು ತಾನೇ ನುಂಗಿ ಪ್ಲಾಸ್ಟಿಕ್ಕನ್ನು ಕಾಯುತ್ತದೆ. ದೀಪದ ಮುಖಕ್ಕೆ ಕಪ್ಪು ಬಳಿಯುವಂತಿಲ್ಲವಲ್ಲ! ಆದ್ದರಿಂದ ಅತಿನೇರಳೆ ಕಿರಣಗಳನ್ನು ಹೀರುವ ಬಣ್ಣರಹಿತವಾದ ತೆಳುಲೇಪವೊಂದನ್ನು ಕಾರ್ಖಾನೆಯಲ್ಲೇ ಹಚ್ಚಿರುತ್ತಾರೆ. ಬಿಸಿಲು, ಧೂಳು, ಕಲ್ಲುಚೂರುಗಳಿಂದ ಆ ಲೇಪ ಸವೆದು ಬಿರಿದಾಗ ಪೊರೆ ಕಾಣಿಸಿಕೊಳ್ಳುತ್ತದೆ.

ಅಮೆರಿಕದ ವಾಹನ ಚಾಲಕರ ಸಂಘವಾದ ಎಎಎ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹತ್ತು ವರ್ಷ ದಾಟಿದ ಮಂಜಾದ ದೀಪಗಳು ಹೊಸದರ ಶೇಕಡಾ 22ರಷ್ಟು ಬೆಳಕನ್ನು ಮಾತ್ರ ಕೊಟ್ಟವು. ಉಜ್ಜಿ ಸರಿಪಡಿಸಿದ ಮೇಲೆ ಅದು ಸುಮಾರು ಶೇಕಡಾ 70ಕ್ಕೆ ಏರಿತು. ಈ ಅಂತರದ ಅರ್ಥ ಇಲ್ಲಿನ ಒಳರಸ್ತೆಗಳಲ್ಲಿ ತಿಳಿಯುತ್ತದೆ. ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್, ಕತ್ತಲಲ್ಲಿ ನಡೆದು ಬರುವ ಕೂಲಿಯವರು, ಮೈದನಹಳ್ಳಿಯ ಕಡೆ ಕೃಷ್ಣಮೃಗ, ಬೆಟ್ಟದ ಬುಡದಲ್ಲಿ ಕರಡಿ, ಇವು ಯಾವುವೂ ಚಾಲಕನಿಗೆ ಮುನ್ಸೂಚನೆ ಕೊಡುವುದಿಲ್ಲ. ಹೆರಿಗೆ ನೋವಿನವಳನ್ನೋ ಹಾವು ಕಚ್ಚಿದವನನ್ನೋ ನಡುರಾತ್ರಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕಾದಾಗ ಊರಿನಲ್ಲಿ ಸಿಗುವುದು ಇಂಥ ಹಳೆಯ ಕಾರೇ. ಬೆಳಕು ಸಾಲದೆಂದು ಹಲವರು 60/55 ವಾಟ್ ಬಲ್ಬಿನ ಜಾಗಕ್ಕೆ 100/90 ವಾಟಿನದನ್ನು ಹಾಕಿಸುತ್ತಾರೆ. ಇದು ದಡ್ಡತನ. ಪೊರೆಯಲ್ಲಿ ಬೆಳಕು ಚದರುವುದರಿಂದ ಎದುರಿನವನ ಕಣ್ಣು ಕುಕ್ಕುತ್ತದೆಯೇ ಹೊರತು ದಾರಿ ನಿಚ್ಚಳವಾಗುವುದಿಲ್ಲ. ಕಾವಿಗೆ ಹೋಲ್ಡರೂ ವೈರೂ ಕರಗುವುದು ಬೇರೆ.

ಹೊಸ ದೀಪಗಳಿಗೆ ಸಾವಿರಾರು ರೂಪಾಯಿ ತೆರಬೇಕು. ಹಳೆಯವು ಗುಜರಿಗೆ ಹೋಗುತ್ತವೆ. ಮನೆಯಲ್ಲೇ ಸರಿಪಡಿಸುವುದಾದರೆ ಅರ್ಧ ದಿನದ ಕೆಲಸ. ಮೊದಲು ಒಳಗೆ ತೇವವಿದೆಯೇ ಎಂದು ನೋಡಬೇಕು. ಪೊರೆ ಒಳಮೈಯಲ್ಲಿದ್ದರೆ ಹೊರಗೆ ಎಷ್ಟು ಉಜ್ಜಿದರೂ ವ್ಯರ್ಥ. ಕಾರನ್ನು ನೆರಳಿಗೆ ನಿಲ್ಲಿಸಿ, ದೀಪ ತಣ್ಣಗಾದ ಮೇಲೆ ಸೋಪಿನ ನೀರಿನಿಂದ ತೊಳೆದು, ಸುತ್ತಲಿನ ಬಣ್ಣದ ಮೇಲೆ ಟೇಪ್ ಅಂಟಿಸಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಕೊಡುವ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ, 800 ಅಥವಾ 1000 ಸಂಖ್ಯೆಯದರಿಂದ ಆರಂಭಿಸಿ 1500, 2000, ಸಿಕ್ಕರೆ 3000ರವರೆಗೆ ಸಾಗಬೇಕು. ಒಂದು ಸಂಖ್ಯೆಯಿಂದ ಅಡ್ಡಡ್ಡ ಉಜ್ಜಿದರೆ ಮುಂದಿನದರಿಂದ ಉದ್ದುದ್ದ ಉಜ್ಜಬೇಕು. ಹಿಂದಿನ ಗೀರುಗಳು ಪೂರ್ತಿ ಅಳಿದವೇ ಇಲ್ಲವೇ ಎಂಬುದು ಆಗ ಗೊತ್ತಾಗುತ್ತದೆ. ಮೊದಲು ಹಳದಿಯಾದ ನೀರು ಇಳಿಯುತ್ತದೆ, ಬರಬರುತ್ತ ಬಿಳಿಯಾಗುತ್ತದೆ. ಈ ಹಂತದಲ್ಲಿ ದೀಪ ಮೊದಲಿಗಿಂತ ಹೆಚ್ಚು ಮಸುಕಾಗಿ ಕಾಣುವುದರಿಂದ ಅನೇಕರು ಗಾಬರಿಗೊಂಡು ಕೈಬಿಡುತ್ತಾರೆ. ಕಡೆಯಲ್ಲಿ ಪಾಲಿಶಿಂಗ್ ಕಾಂಪೌಂಡನ್ನು ಮೆತ್ತನೆಯ ಬಟ್ಟೆಯಿಂದ ತಿಕ್ಕಿದಾಗ ಗಾಜಿನಂತೆ ತಿಳಿಯಾಗುತ್ತದೆ.

ಬಹುಪಾಲು ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಕೆಲಸ ಕೆಡುವುದೂ ಇಲ್ಲಿಯೇ. ಉಜ್ಜುವಾಗ ಪೊರೆಯೊಂದಿಗೆ ಕಾರ್ಖಾನೆಯ ರಕ್ಷಾಲೇಪದ ಉಳಿಕೆಯೂ ಹೋಗಿರುತ್ತದೆ. ಬರಿಮೈಯ ಪ್ಲಾಸ್ಟಿಕ್ಕನ್ನು ಪಾವಗಡದ ಬೇಸಿಗೆಗೆ ಒಡ್ಡಿದರೆ ಕೆಲವೇ ತಿಂಗಳುಗಳಲ್ಲಿ ಮತ್ತೆ ಮಂಜಾಗುತ್ತದೆ. ಆದ್ದರಿಂದ ಪಾಲಿಶಿನ ಜಿಡ್ಡನ್ನು ತೊಳೆದು ಒಣಗಿಸಿ, ಹೆಡ್‌ಲೈಟಿಗೆಂದೇ ಮಾರುವ ಅತಿನೇರಳೆ ಕಿರಣ ತಡೆಯುವ ಲೇಪವನ್ನು ಅದೇ ದಿನ ಹಚ್ಚಬೇಕು. ಬಟ್ಟೆಯಿಂದ ಸವರುವ ಲೇಪ ಮನೆಗೆ ಸಾಕು. ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಲೇಪಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಹಾನಿಕರ, ಮುಖಕ್ಕೆ ಟವೆಲ್ ಸುತ್ತಿಕೊಂಡು ಮಾಡುವ ಕೆಲಸವಲ್ಲ.

ಟೂತ್‌ಪೇಸ್ಟಿನಿಂದ ಉಜ್ಜಿದರೂ ಹೊಳಪು ಬರುವುದು ನಿಜ, ಅದರಲ್ಲಿ ಒರೆಯುವ ಪುಡಿಯಿದೆ. ಆದರೆ ರಕ್ಷಾಲೇಪವಿಲ್ಲದೆ ಆ ಹೊಳಪು ಬಾಳದು. ಸೊಳ್ಳೆ ಓಡಿಸುವ ಸ್ಪ್ರೇ, ಥಿನ್ನರ್, ಪೆಟ್ರೋಲ್‌ಗಳನ್ನು ಮುಟ್ಟಲೇಬಾರದು. ಅವು ಪಾಲಿಕಾರ್ಬೊನೇಟನ್ನು ಕರಗಿಸುತ್ತವೆ ಇಲ್ಲವೇ ಕೂದಲೆಳೆಯಂಥ ಬಿರುಕುಗಳನ್ನು ತರುತ್ತವೆ. ಆ ಬಿರುಕುಗಳನ್ನು ಉಜ್ಜಿ ತೆಗೆಯಲಾಗದು.

ಉಜ್ಜಿದ ನೀರಿನಲ್ಲಿ ಇರುವುದು ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿ. ಹೊಲದಲ್ಲಿ ಹರಿದುಳಿಯುವ ಮಲ್ಚಿಂಗ್ ಹಾಳೆಯ ಮುಂದೆ ಇದು ಅತ್ಯಲ್ಪ. ಆ ಮಾತು ಬೇರೆಯೇ ಆಗಬೇಕಾದದ್ದು. ಆದರೂ ಚರಂಡಿಗೆ ಬಿಟ್ಟರೆ ಕಡೆಗೆ ಸೇರುವುದು ಕೆರೆಯನ್ನೇ. ಕೆಳಗೊಂದು ಬೋಗುಣಿ ಇಟ್ಟು ನೀರು ಹಿಡಿದು, ರಾತ್ರಿಯಿಡೀ ತಿಳಿಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಉಳಿದ ಗಸಿಯನ್ನು ಒಣಗಿಸಿ ಪಂಚಾಯಿತಿಯ ಒಣ ಕಸಕ್ಕೆ ಕೊಡಬಹುದು. ಒಣ ಉಪ್ಪುಕಾಗದದಿಂದ ಉಜ್ಜಿದರೆ ಈ ಪುಡಿ ಉಸಿರಿಗೆ ಸೇರುತ್ತದೆ, ಹಾಗೆ ಮಾಡಬಾರದು.

ಲೇಪ ಒಣಗುವ ತನಕ ಧೂಳೂ ಇಬ್ಬನಿಯೂ ತಾಗದಂತೆ ನೋಡಿಕೊಂಡು, ಮರುದಿನ ಸಂಜೆ ಕಾರನ್ನು ಗೋಡೆಯೆದುರು ನಿಲ್ಲಿಸಿ ದೀಪ ಹಚ್ಚಬೇಕು. ಬೆಳಕಿನ ಅಂಚು ಗೋಡೆಯ ಮೇಲೆ ಗೆರೆ ಕೊರೆದಂತೆ ಸ್ಪಷ್ಟವಾಗಿದ್ದರೆ ಪೊರೆ ಹೋಗಿದೆ. ಅಂಚು ಎತ್ತರದಲ್ಲಿ ಬಿದ್ದಿದ್ದರೆ ದೀಪದ ಹಿಂಬದಿಯ ತಿರುಪನ್ನು ತಿರುಗಿಸಿ ಇಳಿಸಿಕೊಳ್ಳಬೇಕು. ಸವರುವ ಲೇಪವನ್ನು ಪ್ರತಿವರ್ಷ ಶಿವರಾತ್ರಿಯ ಹೊತ್ತಿಗೆ, ಬಿಸಿಲು ಬಲಿಯುವ ಮುನ್ನ, ಮತ್ತೊಮ್ಮೆ ಹಚ್ಚಿದರೆ ಸಾಕು. ಮಿಕ್ಕ ದಿನಗಳಲ್ಲಿ ಕಾರಿನ ಮೂತಿಯನ್ನು ಹುಣಸೆಮರದ ನೆರಳಿನ ಕಡೆಗೆ ತಿರುಗಿಸಿ ನಿಲ್ಲಿಸುವುದಕ್ಕೆ ಖರ್ಚೇನೂ ಇಲ್ಲ.