ಚಳಿಯೇ ಕಾಯುತ್ತಿದ್ದ ಕಾಡು

ಪರಿಸರದ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದೀರಿ. ಪ್ಲಾಸ್ಟಿಕ್ ಚೀಲದ ವಿಷಯ ನಾವು ಸಾಕಷ್ಟು ಆಡಿದ್ದೇವೆ. ಇವತ್ತು ಕೆನಡಾದ ಒಂದು ಹುಳುವಿನ ಕಥೆ ಹೇಳುತ್ತೇನೆ.

ದುಂಬಿ ಎಂದೊಡನೆ ನಮಗೆ ಹೂವು, ಮಕರಂದ ನೆನಪಾಗುತ್ತವೆ. ಈ ದುಂಬಿಗೆ ಹೂವಿನ ಗೊಡವೆಯೇ ಇಲ್ಲ. ಪೈನ್ ಮರದ ತೊಗಟೆಯ ಅಡಿಯೇ ಅದರ ಮನೆ, ಊಟ, ಬಾಣಂತಿ ಕೋಣೆ ಎಲ್ಲ. ಗಾತ್ರ ಒಂದು ಅಕ್ಕಿಕಾಳಿನಷ್ಟು. ಮೊದಲು ತೊಗಟೆ ಕೊರೆಯುವವಳು ಹೆಣ್ಣು. ಮರವೂ ಸುಮ್ಮನಿರುವುದಿಲ್ಲ, ಅಂಟುರಾಳ ಸುರಿಸಿ ಅವಳನ್ನು ಹೊರದಬ್ಬಲು ನೋಡುತ್ತದೆ. ಆಗ ಅವಳು ಒಂದು ವಾಸನೆ ಬಿಟ್ಟು ಬಳಗವನ್ನೆಲ್ಲ ಕರೆಯುತ್ತಾಳೆ. ನೂರಾರು ದುಂಬಿಗಳು ಒಟ್ಟಿಗೆ ಮುತ್ತಿದರೆ ರಾಳ ಎಲ್ಲಿ ಸಾಲೀತು? ಮರ ತುಂಬಿದ ಮೇಲೆ 'ಇಲ್ಲಿ ಜಾಗವಿಲ್ಲ, ಮುಂದೆ ಹೋಗಿ' ಎನ್ನುವ ಇನ್ನೊಂದು ವಾಸನೆ! ನಮ್ಮ ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲೂ ಇಂಥದ್ದೊಂದು ಇರಬೇಕಿತ್ತು. ದುಂಬಿಯ ಜೊತೆ ಬರುವ ಶಿಲೀಂಧ್ರ ಮರದೊಳಗೆ ನೀರು ಏರದಂತೆ ಮಾಡುತ್ತದೆ. ಕಟ್ಟಿಗೆ ನೀಲಿಗಟ್ಟುತ್ತದೆ, ಮರ ಸಾಯುತ್ತದೆ.

ಇದು ಹೊರಗಿನಿಂದ ಬಂದ ಹುಳುವಲ್ಲ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಮೊದಲಿನಿಂದಲೂ ಇತ್ತು. ಚಳಿಗಾಲ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿತ್ತು. ಮರಿಹುಳು ಮೈಯಲ್ಲಿ ಗ್ಲಿಸರಿನ್ ತುಂಬಿಕೊಂಡು ಚಳಿ ತಡೆಯುತ್ತದೆ. ಹೌದು, ನಾವು ಒಡೆದ ಕೈಗೆ ಹಚ್ಚುವ ಅದೇ ಗ್ಲಿಸರಿನ್! ಆದರೂ ಮೈನಸ್ 35ರಿಂದ 40 ಡಿಗ್ರಿ ಚಳಿ ಕೆಲವು ದಿನ ನಿಂತರೆ ಬಹುಪಾಲು ಸಾಯುತ್ತವೆ. ಗ್ಲಿಸರಿನ್ ತುಂಬುವ ಮೊದಲೇ ಹಠಾತ್ತನೆ ಚಳಿ ಬಿದ್ದರೆ ಅಷ್ಟೂ ಬೇಕಾಗಿಲ್ಲ. 1990ರ ದಶಕದಿಂದೀಚೆಗೆ ಅಂಥ ಚಳಿ ಅಪರೂಪವಾಯಿತು. ಕಾಳ್ಗಿಚ್ಚನ್ನು ದಶಕಗಳ ಕಾಲ ನಂದಿಸುತ್ತ ಬಂದದ್ದರಿಂದ ದುಂಬಿಗೆ ಪ್ರಿಯವಾದ ದಪ್ಪ, ಮುದಿ ಮರಗಳೂ ಹೆಚ್ಚಿದ್ದವು. ಹಾವಳಿಗೆ ಸಿಕ್ಕ ಕಾಡು ಸುಮಾರು 1.8 ಕೋಟಿ ಹೆಕ್ಟೇರ್. ನಮ್ಮ ಇಡೀ ಕರ್ನಾಟಕವೇ 1.92 ಕೋಟಿ! ಆ ಪ್ರಾಂತ್ಯದಲ್ಲಿ ಮಾರಲು ಯೋಗ್ಯವಾದ ಪೈನ್‌ನಲ್ಲಿ ಅರ್ಧಕ್ಕೂ ಹೆಚ್ಚು ಸತ್ತಿತು. ಇಂಗಾಲ ಹೀರುತ್ತಿದ್ದ ಕಾಡೇ ಇಂಗಾಲ ಉಗುಳತೊಡಗಿತು ಎಂದು 2008ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿಜ್ಞಾನಿಗಳು ಬರೆದರು. ಅಂದರೆ, ಬಿಸಿಯಿಂದ ಹೆಚ್ಚಿದ ದುಂಬಿ ಬಿಸಿಯನ್ನೇ ಹೆಚ್ಚಿಸುತ್ತಿತ್ತು.

ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು 2006ರ ಸಂಗತಿ. ಗಾಳಿಯಲ್ಲಿ ತೇಲಿ ದುಂಬಿಗಳ ದಂಡು ರಾಕಿ ಪರ್ವತ ದಾಟಿ ಆಲ್ಬರ್ಟಾಕ್ಕೆ ಇಳಿಯಿತು. ಅಲ್ಲಿ ಜಾಕ್ ಪೈನ್ ಎಂಬ ಇನ್ನೊಂದು ಜಾತಿಯೂ ಇದೆ. ಆ ಮರದಲ್ಲೂ ದುಂಬಿ ಸಂಸಾರ ಹೂಡಿದೆ ಎಂಬುದು 2011ರಲ್ಲಿ ಖಚಿತವಾಯಿತು. ಜಾಕ್ ಪೈನ್ ಅಲ್ಲಿಂದ ಪೂರ್ವಕ್ಕೆ ಅಟ್ಲಾಂಟಿಕ್ ಕಡೆಯವರೆಗೂ ಹಬ್ಬಿದೆ.

2019ರಿಂದೀಚಿನ ಕೆಲವು ಕಡುಚಳಿಗಳು ಆಲ್ಬರ್ಟಾದಲ್ಲಿ ದುಂಬಿಯನ್ನು ಬಹಳ ಇಳಿಸಿದವು. ಆದರೂ ಅದನ್ನು ಹುಡುಕುವ ಕೆಲಸ ಸುಲಭವಲ್ಲ. ಸತ್ತ ಮರ ಕೆಂಪಾಗಿ ಕಣ್ಣಿಗೆ ಬೀಳುವುದು ಮರುವರ್ಷ. ಅಷ್ಟರಲ್ಲಿ ದುಂಬಿ ಪಕ್ಕದ ಹಸಿರು ಮರ ಸೇರಿರುತ್ತದೆ. ಹಾಗಾಗಿ ಹೆಲಿಕಾಪ್ಟರಿನಿಂದ ಕೆಂಪು ಮರ ಗುರುತಿಸಿ, ಆಮೇಲೆ ನಡೆದು ಹೋಗಿ, ಸುತ್ತಲಿನ ಹಸಿರು ಮರಗಳಲ್ಲಿ ರಾಳದ ಗುಳ್ಳೆ ಇದೆಯೇ ಎಂದು ಒಂದೊಂದನ್ನೇ ತಡವಿ ನೋಡುತ್ತಾರೆ. ಗುಳ್ಳೆ ಸಿಕ್ಕಿದ ಮರವನ್ನು ಚಳಿಗಾಲದಲ್ಲೇ ಕಡಿದು ಸುಡುತ್ತಾರೆ, ಬೇಸಿಗೆಗೆ ದುಂಬಿ ಹೊರಬಂದು ಹಾರುವ ಮೊದಲು.